ಎದುರು ಕುಳಿತು ಕೇಳಬೇಕಿದ್ದ ಹಾಡು

ಮೊನ್ನೆ ಮೊಮ್ಮಗಳಿಗೆ ಕಿವಿನೋವು ಬಂತು. ಸೊಸೆ ಸಣ್ಣ ಸೌಟಿನಲ್ಲಿ ಎಣ್ಣೆ ಹಾಕಿ, ಅದರಲ್ಲಿ ಬೆಳ್ಳುಳ್ಳಿ ಜಜ್ಜಿ ಬಿಟ್ಟು ಒಲೆಯ ಮೇಲೆ ಹಿಡಿದಳು. ಬೆಳ್ಳುಳ್ಳಿ ಕೆಂಪಾಗುತ್ತ ಬಂದ ಹಾಗೆ ಆ ವಾಸನೆ ಅಡುಗೆಮನೆ ದಾಟಿ ನಾನು ಕುಳಿತಿದ್ದ ಕಡೆಗೂ ಬಂತು. ಕಿವಿಗೆ ಎಣ್ಣೆ ಬಿಡಬಾರದು ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಅದನ್ನು ಸೊಸೆಗೆ ಹೇಳಬೇಕೆಂದು ಎದ್ದವಳು ಹೇಳದೆ ಬಾಗಿಲಲ್ಲೇ ನಿಂತುಬಿಟ್ಟೆ... ನಾಸಿಕ್‌ನ ಪಂಚವಟಿಯ ಆ ಹಳೇ ವಾಡೆ, ಅದರ ಮಾಳಿಗೆ, ತಲೆ ಒಂದು ಕಡೆ ವಾಲಿಸಿ ಕಿವಿಗೆ ಹತ್ತಿ ತುರುಕಿಕೊಂಡು ತೊಗರಿಬೇಳೆ ಹಸನು ಮಾಡುತ್ತ ಕುಳಿತ ವೈನಿ...

ವೈನಿ ಎಂದರೆ ಅತ್ತಿಗೆ. ಅವರು ನನಗೆ ರಕ್ತಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಹಲವು ಸಂಸಾರಗಳಿದ್ದ ಒಂದೇ ವಾಡೆಯಲ್ಲಿ ಅಂಗಳದ ಆ ಕಡೆ ಅವರ ಮನೆ, ಈ ಕಡೆ ನಮ್ಮದು. ನಾನು ಬೀದರಿನವಳು, ಅವರು ಗುಲಬರ್ಗಾದವರು. ಸುತ್ತ ಮರಾಠಿಯೇ ಇದ್ದ ಆ ಓಣಿಯಲ್ಲಿ ನಮ್ಮ ಮಾತು ಕೇಳಿಸಿದ ಮೊದಲ ದಿನವೇ ಅವರು ಅಂಗಳ ದಾಟಿ ಬಂದು ನನ್ನ ಗದ್ದ ಹಿಡಿದು ನೋಡಿದ್ದರು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೆ ಹೊಸದಾಗಿ ಮದುವೆಯಾಗಿತ್ತು. ಅವರು ನನಗಿಂತ ಬಹಳ ದೊಡ್ಡವರು. ಅವರ ಯಜಮಾನರಿಗೆ ಪೇಟೆಯಲ್ಲಿ ಬೇಳೆಕಾಳಿನ ಅಂಗಡಿಯಿತ್ತು. ನಮ್ಮ ಕಡೆಯ ತೊಗರಿಬೇಳೆ ತರಿಸಿ ಮಾರುತ್ತಿದ್ದರು. ಅವರನ್ನು ನಾನು ಅಣ್ಣಾ ಎನ್ನುತ್ತಿದ್ದೆ.

ನನ್ನ ಯಜಮಾನರು ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಗಾಯನದ ಹುಚ್ಚು. ಬೇರೆಯವರು ಹೊಸ ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ದರೆ ಇವರು ಗಾಯನಕ್ಕೆ ಕರೆದೊಯ್ಯುತ್ತಿದ್ದರು. ಗಣಪತಿ ಕೂರಿಸಿದ ಚಪ್ಪರದಲ್ಲಿ, ಯಾವುದೋ ಶಾಲೆಯ ಸಭಾಂಗಣದಲ್ಲಿ, ಸಾಹುಕಾರರ ಮನೆಯ ಮುಂಜಿಯಲ್ಲಿ, ಎಲ್ಲಿ ತಂಬೂರಿ ಶ್ರುತಿ ಹಿಡಿದರೂ ನಾವಿಬ್ಬರು ಅಲ್ಲಿ. ಹೀಗೆ ಒಂದು ಗಾಯನ ಕೇಳಿ ಬಂದ ಮರುದಿನ ನಾನು ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದೆ. ವೈನಿ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ನಿನ್ನಿ ಹೋಗಿದ್ದೇನು? ಯಾರ್ದಿತ್ತು?" ಎಂದು ಕೇಳಿದರು. ಹೇಳಿದೆ. "ಪಾತ್ರಿ ಅಲ್ಲೇ ಬಿಡು. ಮ್ಯಾಲ ನಡಿ. ಸುರುವಿನಿಂದ ಹೇಳು."

ಅಂದು ಶುರುವಾದದ್ದು ಐದಾರು ವರ್ಷ ನಡೆಯಿತು. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಅಂಗಡಿಯಿಂದ ಬಂದ ಬೇಳೆಯನ್ನು ಮಾಳಿಗೆಯ ಮೇಲೆ ಹರವಿಕೊಂಡು ಕೂರುತ್ತಿದ್ದೆವು. ಕೈ ಕಲ್ಲು ಆರಿಸುತ್ತಿತ್ತು, ಬಾಯಿ ಗಾಯನದ ಮಾತಾಡುತ್ತಿತ್ತು. ಯಾರು ಎಷ್ಟು ಹೊತ್ತು ಆಲಾಪ ಮಾಡಿದರು, ತಬಲಾದವ ಎಲ್ಲಿ ಗಡಿಬಿಡಿ ಮಾಡಿದ, ಮುಂದಿನ ಸಾಲಿನಲ್ಲಿ ಕುಳಿತ ವಕೀಲರು ಹೇಗೆ ತಪ್ಪು ಜಾಗದಲ್ಲಿ ತಲೆದೂಗಿದರು... ಕೇಳಿದ್ದು ಮುಗಿದರೆ ಕೇಳಬೇಕಾದದ್ದರ ಮಾತು. ದಸರೆಗೆ ಮುಂಬಯಿಯಿಂದ ಯಾರೋ ಬರುತ್ತಾರಂತೆ, ಪುಣೆಯಲ್ಲಿ ಚಳಿಗಾಲಕ್ಕೆ ದೊಡ್ಡ ಗಾಯನವಂತೆ, ಹೋದರೆ ಅಲ್ಲಿಗೇ ಹೋಗಬೇಕು. ವೈನಿ ಅದನ್ನೆಲ್ಲ ನಾಳೆಯೇ ಹೊರಡುವವರ ಹಾಗೆ ಮಾತಾಡುತ್ತಿದ್ದರು. ಯಾವ ಸೀರೆ, ಬುತ್ತಿಗೆ ಏನು, ರಾತ್ರಿ ಯಾರ ಮನೆ.

ಹೋಗುತ್ತಿದ್ದದ್ದು ಮಾತ್ರ ನಾನು. ಅವರ ಅತ್ತೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನದ ನಿದ್ದೆಯ ಹೊತ್ತು ಬಿಟ್ಟರೆ, ಸೊಸೆ ಒಂದು ಗಳಿಗೆ ಕಣ್ಣಿಗೆ ಕಾಣಿಸದಿದ್ದರೆ ಆ ಮುದುಕಿ ಮಗುವಿನ ಹಾಗೆ ಅಳುತ್ತಿತ್ತು. ಅಣ್ಣಾ ಕೆಟ್ಟವರಲ್ಲ. ಹೆಂಡತಿಗೆ ಹಾಡೆಂದರೆ ಜೀವ ಎಂದು ದೊಡ್ಡ ರೇಡಿಯೋ ತಂದುಕೊಟ್ಟಿದ್ದರು. "ಮುಂಬಯಿ ಗಾಯನ ಮನ್ಯಾಗೇ ಬರ್ತದ, ಮತ್ತ ಊರೂರು ಯಾಕ ತಿರುಗಬೇಕು?" ಎಂದು ನಗುತ್ತಿದ್ದರು. ಅವರ ಮಾತಿನಲ್ಲಿ ಕಟುವಾದದ್ದೇನೂ ಇರುತ್ತಿರಲಿಲ್ಲ. ಅವರಿಗೆ ಅದರ ಮರ್ಮ ತಿಳಿದಿರಲಿಲ್ಲ, ಅಷ್ಟೇ.

ವೈನಿ ತಮ್ಮ ಜೀವಮಾನದಲ್ಲಿ ನಿಜವಾಗಿ ಕೇಳಿದ್ದ ಗಾಯನ ಒಂದೇ. ಅದನ್ನು ನನಗೆ ಎಷ್ಟು ಸಲ ಹೇಳಿದ್ದರೋ! ಗುಲಬರ್ಗಾದಲ್ಲಿ ಅವರ ತವರುಮನೆಯ ಗೋಡೆಗೆ ಹತ್ತಿ ಒಬ್ಬ ಜಮೀನ್ದಾರರ ದೊಡ್ಡ ಮನೆ. ನಿಜಾಮನ ಕಾಲ. ಆ ಮನೆಯ ಮದುವೆಗೆ ಎಲ್ಲಿಂದಲೋ ಒಬ್ಬ ಗಾಯಕಿಯನ್ನು ಕರೆಸಿದ್ದರು. ಆಗಿನ್ನೂ ಹೆಸರು ಮಾಡದ, ಎಳೆಯ ವಯಸ್ಸಿನ ಹುಡುಗಿ. ಗಂಡಸರು ದಿವಾನಖಾನೆಯಲ್ಲಿ ಕುಳಿತಿದ್ದರು, ಹೆಂಗಸರು ಮಕ್ಕಳಿಗೆ ಬಿದಿರಿನ ಪರದೆಯ ಹಿಂದೆ ಜಾಗ. ಪುಟ್ಟ ಹುಡುಗಿಯಾಗಿದ್ದ ವೈನಿ ತಾಯಿಯ ತೊಡೆಯ ಮೇಲೆ ನಿದ್ದೆಹೋಗಿದ್ದರಂತೆ. ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾದಾಗ ಆ ಹುಡುಗಿ ತೋಡಿ ರಾಗ ಎತ್ತಿಕೊಂಡಿದ್ದಳು. ರಾಗದ ಹೆಸರು ವೈನಿಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ರೇಡಿಯೋದಲ್ಲಿ.

"ಯಾರೋ ನನಗ ಹೆಸರ ಹಿಡದು ಕರದಂಗಾತು ನೋಡು," ಎನ್ನುತ್ತಿದ್ದರು. "ಪರದಿ ಸರಸಿ ನೋಡ್ಲಾಕ ಹೋದೆ. ಅವ್ವ ಕೈಮ್ಯಾಲ ಹೊಡದಳು."

ಆ ಗಾಯಕಿ ಮುಂದೆ ದೊಡ್ಡ ಹೆಸರು ಮಾಡಿದರು. ರೇಡಿಯೋದಲ್ಲಿ ಅವರ ಹಾಡು ಬಂದರೆ ವೈನಿ ಒಲೆಯ ಮೇಲಿನದನ್ನು ಇಳಿಸಿಬಿಡುತ್ತಿದ್ದರು. ಆದರೂ ರೇಡಿಯೋ ಆರಿಸಿದ ಮೇಲೆ ತಲೆ ಆಡಿಸುತ್ತ, "ಇದು ಅದಲ್ಲ. ಆ ದನಿ ಇಲ್ಲೇ ಅದ," ಎಂದು ತಮ್ಮ ನೆತ್ತಿಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಏಳುವ ಮುಂಚೆ ಕಣ್ಣು ಮುಚ್ಚಿಕೊಂಡೇ ಒಮ್ಮೆ ಅದನ್ನು ಕೇಳಿಸಿಕೊಳ್ಳುತ್ತೇನೆ ಎಂದು ಹೇಳಿದ್ದರು. ಅವರ ಆಸೆ ಒಂದೇ. ಒಮ್ಮೆ ಆಕೆಯ ಎದುರು ಕುಳಿತು ಕೇಳಬೇಕು. ನಡುವೆ ಪರದೆ ಇರಬಾರದು.

ಆ ಅವಕಾಶ ಬಾಗಿಲವರೆಗೂ ಬಂತು. ಆ ಗಾಯಕಿ ನಾಸಿಕ್‌ಗೇ ಬರುವ ಸುದ್ದಿ ಹಬ್ಬಿತು. ನನ್ನ ಯಜಮಾನರು ಓಡಾಡಿ ನಮಗೆ ಮೂವರಿಗೂ ಜಾಗ ಮಾಡಿಸಿದರು. ಅಣ್ಣಾ ಅಂಗಡಿಗೆ ಬೇಗ ಬೀಗ ಹಾಕಿ ಬಂದು ತಾಯಿಯ ಬಳಿ ತಾವೇ ಕೂರುವುದೆಂದು ಒಪ್ಪಿದರು. ಆ ಸಂಜೆ ವೈನಿ ಇಳಕಲ್ ಸೀರೆ ಉಟ್ಟು, ಮುಡಿಗೆ ಹೂ ಇಟ್ಟುಕೊಂಡು ಅಂಗಳಕ್ಕೆ ಬಂದರು. ನಾನು ಅವರನ್ನು ಅಷ್ಟು ಚೆಂದ ಕಂಡದ್ದು ಅದೇ ಮೊದಲು. ನಾವು ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಅಣ್ಣಾ ಕೂಗಿದರು. ಮುದುಕಿಗೆ ಉಸಿರು ಸಿಕ್ಕಿಕೊಂಡಿತ್ತು.

ವೈನಿ ಹೂ ಮುಡಿದೇ ಅತ್ತೆಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡರು. ನಾನೂ ನಿಂತೆ. ಅವರು ತಿರುಗಿ ನೋಡಿ, "ನೀ ಯಾಕ ನಿಂತಿ? ಹೋಗು. ನೀ ಕೇಳಿ ಬಂದು ನನಗ ಹೇಳು," ಅಂದರು. ಹೋದೆ. ಮರುದಿನ ಮುದುಕಿ ಸ್ವಲ್ಪ ಸುಧಾರಿಸಿತ್ತು. ಮಧ್ಯಾಹ್ನವಿಡೀ ಹೇಳಿದೆ. ವೈನಿ ಕೈಯನ್ನು ಕಿವಿಯ ಹಿಂದೆ ಕಮಾನಿನಂತೆ ಇಟ್ಟುಕೊಂಡು ಕೇಳುತ್ತಿದ್ದರು. ಹಾಡುವವರು ಹಾಗೆ ಕಿವಿಗೆ ಕೈ ಕೊಡುತ್ತಾರಲ್ಲ, ಇವರಿಗೂ ಅದೇ ರೂಢಿ ಬಂತೇನೋ ಎಂದು ನಾನು ನಕ್ಕೆ. ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರು. ಪ್ರೀತಿಗೆ ಕೇಳುತ್ತಾರೆ ಅಂದುಕೊಂಡೆ...

ಅದಾದ ಮೇಲೆಯೇ ನಾನು ಒಂದೊಂದನ್ನೇ ಗಮನಿಸತೊಡಗಿದ್ದು. ರೇಡಿಯೋದ ಸದ್ದು ಅಂಗಳ ದಾಟಿ ನಮ್ಮ ಮನೆಯೊಳಗೆ ಬರತೊಡಗಿತು. ಹಾಲಿನವನು ಕೂಗಿ ಕೂಗಿ ಮುಂದೆ ಹೋಗುತ್ತಿದ್ದ. ಎಡಗಿವಿಯಲ್ಲಿ ಭೋರ್ ಎನ್ನುತ್ತದೆ ಎಂದು ವೈನಿ ದಿನಾ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಳ್ಳುತ್ತಿದ್ದರು. ಇಡೀ ಮನೆಯೇ ಆ ವಾಸನೆ. "ನೀರ ಹೋಗ್ಯಾದ, ಕಮ್ಮಿ ಆಗ್ತದ ಬಿಡು," ಎನ್ನುತ್ತಿದ್ದರು. ಆ ವರ್ಷವೇ ಅತ್ತೆ ತೀರಿಕೊಂಡರು. ಮನೆಯಲ್ಲಿ ಸೂತಕ, ಆಮೇಲೆ ವರ್ಷವಿಡೀ ಎಲ್ಲಿಗೂ ಹೋಗಬಾರದೆಂಬ ಕಟ್ಟು. ಆ ನಡುವೆ ನನ್ನ ಯಜಮಾನರಿಗೆ ವರ್ಗವಾಯಿತು. ಆಗ ನಾವು ಔರಂಗಾಬಾದ್ ಎನ್ನುತ್ತಿದ್ದ ಈ ಊರಿಗೆ ಬಂದೆವು. ಹೊರಡುವ ದಿನ ವೈನಿ ಒಂದು ಚೀಲ ಬೇಳೆ ಕೊಟ್ಟು, "ಅಕಿ ಅಲ್ಲಿಗಿ ಬಂದ್ರ ನನಗ ಹೇಳಿ ಕಳಸು. ಈಗ ನನಗ ಕಟ್ಟಿ ಹಾಕೋರು ಯಾರೂ ಇಲ್ಲ," ಎಂದಿದ್ದರು.

ಆಕೆ ಬಂದರು. ನಾವು ಇಲ್ಲಿ ನೆಲೆಯಾಗಿ ಎರಡನೆಯ ಚಳಿಗಾಲವಿರಬೇಕು. ಭಾನುವಾರ ಬೆಳಿಗ್ಗೆ, ಒಂದು ಕಾಲೇಜಿನ ಸಭಾಂಗಣದಲ್ಲಿ. ಬೆಳಗಿನ ರಾಗಗಳನ್ನೇ ಹಾಡುತ್ತಾರೆಂದು ಕೇಳಿದ ಕೂಡಲೇ ನನಗೆ ವೈನಿಯ ನೆನಪಾಗದೆ ಇದ್ದೀತೆ? ನಾಸಿಕ್‌ಗೆ ಹೋಗುವವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದೆ. ಶನಿವಾರ ಸಂಜೆ ಎಸ್‌ಟಿ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಂದಿಳಿದರು. ನಿಲ್ದಾಣದಲ್ಲಿ ನಾನು "ವೈನೀ" ಎಂದು ಕೂಗಿದೆ. ಅವರು ತಿರುಗಲಿಲ್ಲ. ಹತ್ತಿರ ಹೋಗಿ ಮತ್ತೆ ಕೂಗಿದೆ. ಅಣ್ಣಾ ಅವರ ಭುಜ ತಟ್ಟಿ ನನ್ನ ಕಡೆ ತೋರಿಸಿದರು.

ವೈನಿ ಸ್ನಾನಕ್ಕೆ ಹೋದಾಗ ಅಣ್ಣಾ ನನ್ನನ್ನು ಅಂಗಳಕ್ಕೆ ಕರೆದರು. ಯಾವಾಗಲೂ ನಗುವ ಮನುಷ್ಯ, ಅಂದು ತಲೆ ಎತ್ತಲಿಲ್ಲ.

"ಎರಡೂ ಹೋಗ್ಯಾವವ್ವಾ. ಪುಣೆಕ ಕರಕೊಂಡ ಹೋಗಿದ್ದೆ. ನರಾನೇ ಸತ್ತಾವ ಅಂದ್ರು ಡಾಕ್ಟರು. ಕಿವಿ ಮಷೀನ್ ಕೊಟ್ರು, ಅದ್ರಾಗ ಬರೇ ಗಿರಣಿ ಸಪ್ಪಳ ಕೇಳಸ್ತದಂತ. ತಗದ ಇಟ್ಟಾಳ."

"ಮತ್ತ ಕರಕೊಂಡ ಬಂದೀರಲ್ರೀ ಅಣ್ಣಾ..."

"ಎದುರಾ ಕುಂತ್ರ ಕೇಳಸ್ತದಂತ ಹಟ ಹಿಡದಾಳ. ಇಷ್ಟ ವರ್ಷ ನಾ ಎಲ್ಲಿಗಿ ಕರಕೊಂಡ ಹೋಗೀನಿ ಅಕಿಗಿ? ಈಗ ಹ್ಯಾಂಗ ಬ್ಯಾಡ ಅನ್ನಲಿ, ನೀನೇ ಹೇಳು."

ನಾನು ಒಳಗೆ ಹೋಗಿ ಊಟಕ್ಕೆ ತಟ್ಟೆ ಹಾಕಿದೆ.

ಮರುದಿನ ಅಣ್ಣಾ ನಮ್ಮನ್ನು ಸಭಾಂಗಣದ ಬಾಗಿಲವರೆಗೆ ಬಿಟ್ಟು, ಪರಿಚಯದ ವ್ಯಾಪಾರಿಗಳನ್ನು ನೋಡಲು ಮೋಂಢಾದ ಕಾಳಿನ ಪೇಟೆಗೆ ಹೋದರು. ನನ್ನ ಯಜಮಾನರು ಹಿಂದೆ ಗಂಡಸರ ಜೊತೆ ಕುಳಿತರು. ನಾನೂ ವೈನಿಯೂ ಎಲ್ಲರಿಗಿಂತ ಮೊದಲೇ ಹೋಗಿ ಜಮಖಾನೆಯ ಮೇಲೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದೆವು. ವೇದಿಕೆ ನಮ್ಮ ಕೈಗೆ ಎಟಕುವಷ್ಟು ಹತ್ತಿರ. ಗಾಯಕಿ ಬಂದು ಕುಳಿತರು. ದಪ್ಪಗಾಗಿದ್ದರು, ಕೂದಲು ಬೆಳ್ಳಗಾಗಿತ್ತು. ವೈನಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಬಳೆ ಒತ್ತುತ್ತಿತ್ತು, ನಾನು ಬಿಡಿಸಿಕೊಳ್ಳಲಿಲ್ಲ.

ತಂಬೂರಿಗಳು ಶ್ರುತಿ ಕೂಡಿದವು. ಗಾಯಕಿ ಕಣ್ಣು ಮುಚ್ಚಿ ಮೊದಲ ಸ್ವರ ಹಿಡಿದರು. ಸಭೆ ಉಸಿರು ಬಿಗಿಹಿಡಿದಿತ್ತು. ಆಗ ವೈನಿ ನನ್ನ ಕಡೆ ತಿರುಗಿ, ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ತಿಳಿಯದೆ, "ಸುರು ಆತೇನು?" ಎಂದು ಕೇಳಿಬಿಟ್ಟರು.

ಸುತ್ತಲಿನ ತಲೆಗಳೆಲ್ಲ ತಿರುಗಿದವು. ಹಿಂದಿನಿಂದ ಯಾರೋ "ಶ್ಶ್" ಅಂದರು. ನಾನು ಹೌದೆಂದು ತಲೆಯಾಡಿಸಿದೆ. ವೈನಿ ಬಲಗಿವಿಯನ್ನು ವೇದಿಕೆಯ ಕಡೆ ತಿರುಗಿಸಿದರು. ಆಮೇಲೆ ಎಡಗಿವಿಯನ್ನು. ಕೊನೆಗೆ ಎರಡನ್ನೂ ಬಿಟ್ಟು ಮುಖವನ್ನೇ ಎತ್ತಿ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ತಬಲಾ ಸೇರಿಕೊಂಡಿತು. ಅಂಗೈಯನ್ನು ಜಮಖಾನೆಗೆ ಒತ್ತಿ, ನನ್ನತ್ತ ನೋಡಿ ಸಣ್ಣಗೆ ನಕ್ಕರು. ಏನೋ ಸಿಕ್ಕಿತೆಂಬ ನಗು. ಅದೂ ಬಹಳ ಹೊತ್ತು ಉಳಿಯಲಿಲ್ಲ.

ಜನ ವಾಹ್ ಎಂದಾಗ ವೈನಿಯೂ ಅವರ ಬಾಯಿ ನೋಡಿ ವಾಹ್ ಎನ್ನುತ್ತಿದ್ದರು. ಪ್ರತಿ ಸಲವೂ ಒಂದು ಚೂರು ತಡವಾಗಿ. ನಾನು ಮೆಲ್ಲಗೆ ಅವರ ಕೈ ಒತ್ತುತ್ತಿದ್ದೆ. ಒಮ್ಮೆ ಗಾಯಕಿ ಹಾಡು ನಿಲ್ಲಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು ಕೆಮ್ಮಿದರು. ಹಿಂದೆ ಕುಳಿತ ಶಿಷ್ಯೆಯ ಕಡೆ ತಿರುಗಿ ನೀರು ಕೇಳಿದರು. ಶಿಷ್ಯೆ ತಲೆಯಾಡಿಸಿದಳು. ಅದನ್ನು ನೋಡಿ ವೈನಿ ಏನು ತಿಳಿದರೋ, ಕೈಯೆತ್ತಿ ಗಟ್ಟಿಯಾಗಿ "ವಾಹ್!" ಅಂದರು.

ನಮ್ಮ ಹಿಂದೆ ಹುಡುಗಿಯರ ಸಾಲಿನಲ್ಲಿ ಕಿಸಕ್ಕೆಂದ ನಗು ಎದ್ದಿತು. ಅದು ವೈನಿಗೆ ಕೇಳಿಸಲಿಲ್ಲ. ಆದರೆ ವೇದಿಕೆಯ ಮೇಲಿದ್ದ ತಬಲಾದವನ ತುಟಿಯ ಮೇಲೂ ನಗೆ ಮೂಡಿತಲ್ಲ, ಅದು ಕಂಡಿತು. ಗಾಯಕಿ ಮಾತ್ರ ನಗಲಿಲ್ಲ. ನೀರಿನ ಲೋಟ ಕೆಳಗಿಟ್ಟು ವೈನಿಯ ಕಡೆ ನೋಡಿ ಕೈ ಮುಗಿದರು. ಆಕೆಗೆ ಗೊತ್ತಾಗಿತ್ತು ಅನ್ನಿಸುತ್ತದೆ.

ವೈನಿಯ ಎತ್ತಿದ ಕೈ ಮಡಿಲಿಗೆ ಬಿತ್ತು. "ನಡಿ, ಹೋಗಮು," ಅಂದರು. ಇನ್ನೂ ಅರ್ಧವೂ ಆಗಿರಲಿಲ್ಲ. ಮುಂದಿನ ಸಾಲಿನಿಂದ ಎದ್ದು, ಕುಳಿತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು, ಎಲ್ಲರ ಕಣ್ಣೆದುರು ಹೊರಗೆ ಬಂದೆವು. ಬೆನ್ನ ಹಿಂದೆ ಹಾಡು ಮತ್ತೆ ಶುರುವಾಯಿತು.

ಹೊರಗೆ ಟಾಂಗಾಗಳು ನಿಲ್ಲುವ ಜಾಗದಲ್ಲಿ ಒಂದು ಬೇವಿನ ಮರವಿತ್ತು. ಅದರ ಕಟ್ಟೆಯ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತೆ.

"ಏನ ಹಾಡಿದಳು?" ಎಂದು ಕೇಳಿದರು.

"ತೋಡಿ," ಅಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಗೊತ್ತಾಗಲಿಲ್ಲ. "ತೋಡಿ, ವೈನಿ. ತೋಡಿ!" ಎಂದು ಕಿರುಚಿದೆ. ಟಾಂಗಾದವರು ನಮ್ಮ ಕಡೆ ನೋಡಿದರು. ಬೀದಿಯಲ್ಲಿ ನಿಂತು ಒಂದು ರಾಗದ ಹೆಸರನ್ನು ಜಗಳಕ್ಕೆ ನಿಂತವಳ ಹಾಗೆ ಕೂಗಿದ್ದಕ್ಕೆ ನನಗೆ ಅಳು ಒತ್ತಿ ಬಂತು.

ಅವರಿಗೆ ತಿಳಿಯಿತು. ಆಮೇಲೆ ಅಳದೆ, ಅಡುಗೆಯ ಮಾತು ಹೇಳುವಷ್ಟು ಸಾದಾ ಮಾತಿನಲ್ಲಿ ಹೇಳಿದರು.

"ಕಿವಿ ಹೋದ ಮ್ಯಾಲೂ ಆ ದನಿ ತಲಿಯೊಳಗ ಇತ್ತು. ದಿನಾ ಮುಂಜಾನಿ ಕೇಳಸ್ತಿತ್ತು. ಅದೊಂದಾದ್ರೂ ಅದ ಅಂತ ಗಟ್ಟಿ ಆಗಿದ್ದೆ. ಈಗ ನೆನಸ್ಲಾಕ ಹೋದ್ರ ಅಕಿ ಮುದಿ ಮಾರಿನೇ ಕಾಣ್ತದ. ಬಾಯಿ ತಗೀತಾಳ, ಮುಚ್ಚತಾಳ. ದನಿ ಬರವಲ್ದು."

ಕಟ್ಟೆಯ ಮೇಲೆ ಬಿದ್ದ ಬೇವಿನ ಎಲೆ ಸರಿಸುತ್ತ, "ಬರಬಾರದಿತ್ತು ನಾ," ಅಂದರು.

ನಾನು ಅವರ ಕೈ ಹಿಡಿದೆ. ನಾಳೆ ಬೆಳಿಗ್ಗೆ ಮತ್ತೆ ಬರುತ್ತದೆ, ದನಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕೆನ್ನಿಸಿತು. ಹೇಳಬೇಕೆಂದರೆ ಕಿರುಚಬೇಕಿತ್ತು. ಅಂಥ ಮಾತನ್ನು ಕಿರುಚಿ ಹೇಳುವುದು ಹೇಗೆ? ಅಣ್ಣಾ ಪೇಟೆಯಿಂದ ಬರುವವರೆಗೂ ಹಾಗೆಯೇ ಕುಳಿತಿದ್ದೆವು. ಅವರು ದೂರದಿಂದಲೇ ನಮ್ಮನ್ನು ಕಂಡು ನಡಿಗೆ ನಿಧಾನ ಮಾಡಿದರು.

ಆಮೇಲೆ ಒಂದು ಸಲ ನಾನು ನಾಸಿಕ್‌ಗೆ ಹೋಗಿದ್ದೆ. ಸಟಾಣಾದಲ್ಲಿ ನೆಂಟರ ಮದುವೆಯಿತ್ತು, ಅಲ್ಲಿಂದ ಸುತ್ತು ಹಾಕಿ ಪಂಚವಟಿಗೆ ಬಂದೆ. ವಾಡೆಯಲ್ಲಿ ಅರ್ಧ ಜನ ಹೊಸಬರು. ವೈನಿ ಒಳಗೆ ಒಬ್ಬರೇ ಕುಳಿತು ಬೇಳೆ ಹಸನು ಮಾಡುತ್ತಿದ್ದರು. ನಾನು ಎದುರು ಹೋಗಿ ನಿಂತ ಮೇಲೆ ನೋಡಿದರು. ಸಂತೋಷಪಟ್ಟರು, ಊಟಕ್ಕೆ ಹಾಕಿದರು, ಮಕ್ಕಳ ವಿಷಯ ಕೇಳಿದರು. ಉತ್ತರಗಳನ್ನು ಅಂದಾಜಿನಲ್ಲಿ ಹಿಡಿಯುತ್ತಿದ್ದರು. ರೇಡಿಯೋ ಇದ್ದ ಗೂಡಿನಲ್ಲಿ ಹಿಟ್ಟಿನ ಡಬ್ಬಿಗಳಿದ್ದವು. ಹಳೆಯ ರೂಢಿ ಸುಮ್ಮನಿರಬೇಕಲ್ಲ, ನಾನು ಈಚೆಗೆ ಕೇಳಿದ ಒಂದು ಗಾಯನದ ಸುದ್ದಿ ತೆಗೆದೆ. ಕೈಯಲ್ಲಿ ತಂಬೂರಿ ಮೀಟುವಂತೆ ತೋರಿಸಿದೆ. ವೈನಿ ಬೇಳೆಯ ಧೂಳಿನ ಬೆರಳುಗಳನ್ನು ನನ್ನ ತುಟಿಯ ಮೇಲೆ ಇಟ್ಟರು.

"ಬ್ಯಾಡ," ಅಂದರು. "ಮುಂಜಾನಿ ಏಳ್ಲಾಕಾ ಮನಸ ಆಗಲ್ದು ಈಗ."

ಅದೇ ಕೊನೆ. ನನ್ನ ಸಂಸಾರ, ಮಕ್ಕಳ ಶಾಲೆ, ಯಜಮಾನರ ಕಾಯಿಲೆ... ಮತ್ತೆ ಹೋಗಲಾಗಲಿಲ್ಲ. ಅಂಗಡಿ ಮುಚ್ಚಿತೆಂದು ಕೇಳಿದೆ. ವೈನಿ ಹೋದ ಸುದ್ದಿ ಬೀದರಿನ ಒಂದು ಮದುವೆಯ ಪಂಕ್ತಿಯಲ್ಲಿ, ಯಾರೋ ಬಡಿಸುತ್ತ ಬಂದವರು ಮಾತಿಗೆ ಮಾತು ಬಂದು ಹೇಳಿದರು. ಹೋಗಿ ಆಗಲೇ ವರ್ಷವಾಗಿತ್ತಂತೆ. ಕೊನೆಗೆ ಯಾರ ಜೊತೆಯೂ ಮಾತಾಡುತ್ತಿರಲಿಲ್ಲವಂತೆ. ಕೇಳಿಸದವರಿಗೆ ಮಾತಾದರೂ ಏನು ಎಂದು ಹೇಳಿದವರು ಸಾರಿನ ಪಾತ್ರೆ ಹಿಡಿದು ಮುಂದಕ್ಕೆ ಹೋದರು. ನಾನು ಎಲೆಯ ಮುಂದೆ ಕುಳಿತೇ ಇದ್ದೆ.

ಈಗ ನನ್ನ ಮೊಮ್ಮಗನಿಗೆ ಇದೇ ಹುಚ್ಚು ಹತ್ತಿದೆ. ಗೆಳೆಯರ ಜೊತೆ ಪುಣೆಗೆ ಯಾವುದೋ ತಂಡದ ಹಾಡು ಕೇಳಲು ಹೊರಟಿದ್ದಾನೆ. ಅವನ ಗೆಳೆಯರು ಮನೆಗೆ ಬಂದರೆ ಅದೇ ಮಾತು, ಯಾರನ್ನು ಎಲ್ಲಿ ಕೇಳಿದೆವು, ಮುಂದೆ ಯಾರನ್ನು ಕೇಳಬೇಕು. ಅವನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಮೊನ್ನೆ ನನ್ನನ್ನೂ ಎಳೆದು ಕೂರಿಸಿಕೊಂಡು, "ಆಜಿ, ತೂ ಕೋಣಾಲಾ ಲೈವ್ ಐಕಲಂಸ್?" ಎಂದು ಕೇಳಿದ. ನೀನು ಯಾರನ್ನು ಎದುರು ಕುಳಿತು ಕೇಳಿದ್ದೀ ಎಂದು. ನಾನು ಹೆಸರುಗಳನ್ನು ಹೇಳುತ್ತ ಹೋದೆ. ಆ ಗಾಯಕಿಯ ಹೆಸರು ಬಂದಾಗ ಅವನ ಗೆಳೆಯನೊಬ್ಬ ನೆಟ್ಟಗೆ ಕುಳಿತ. ಹಳೆಯ ರೆಕಾರ್ಡುಗಳಲ್ಲಿ ಆಕೆಯ ತೋಡಿ ಕೇಳಿದ್ದಾನಂತೆ. ನೀವು ಆ ತೋಡಿಯನ್ನು ಎದುರಿಗೇ ಕೇಳಿದ್ದೀರಾ, ಹೇಗಿತ್ತು, ಹೇಳಿ ಅಂದ.

ಹೇಳಲು ಬಾಯಿ ತೆರೆದೆ. ಏನೂ ಬರಲಿಲ್ಲ. ನನ್ನ ಕಿವಿಗಳು ಆಗ ಚೆನ್ನಾಗಿಯೇ ಇದ್ದವು, ಈಗಲೂ ಇವೆ. ಆದರೆ ಆ ಬೆಳಗಿನ ಒಂದು ಸ್ವರವೂ ನನ್ನಲ್ಲಿ ಉಳಿದಿಲ್ಲ. ರಾಗದ ಹೆಸರು ಗೊತ್ತು, ಅಷ್ಟೇ. ಹಾಡು ಮುಗಿಯುವವರೆಗೂ ನಾನು ವೈನಿಯ ಮುಖವನ್ನೇ ನೋಡುತ್ತಿದ್ದೆ... ಅಲ್ಲ, ಮುಗಿಯುವವರೆಗೆ ನಾವು ಅಲ್ಲಿ ಇರಲೂ ಇಲ್ಲ.

ಹುಡುಗ ಕಾಯುತ್ತಿದ್ದ. "ನೆನಪಿಲ್ಲಪ್ಪಾ," ಅಂದೆ.